ಫ್ರೀ ಟೀ ಶರ್ಟ್ ಕೊಟ್ರೆ ಸ್ಟೇಡಿಯಂ ತುಂಬುತ್ತಾ ಗುರು? | ಮಂಗಳವಾರ ರಾತ್ರಿ, ಕೊರೆಯೋ ಚಳಿ, ಸೋಲೋ ಟೀಮು

ಹಾಂ ನಮಸ್ಕಾರ ಎಲ್ರಿಗೂ. ಮೈಕ್‌ಗೆ ಗಾಳಿ ಹೊಡೆದು ಪೂರ್ತಿ ಬುರ್ರ್ ಅಂತ ಸೌಂಡು ಬಂದಿದೆ, ಅದಕ್ಕೇ ರೂಮಲ್ಲಿ ಕಂಬಳಿ ಹೊದ್ಕೊಂಡು ಕೂತು ವಾಯ್ಸ್ ಓವರ್ ಮಾಡ್ತಿದೀನಿ. ಶೂಟ್ ಮಾಡಿದ್ದು 2025ರ ನವೆಂಬರಲ್ಲಿ. ಎಕ್ಸಾಮು, ಪ್ರಾಜೆಕ್ಟು ಅಂತ ಎಡಿಟಿಂಗ್ ಎಳೆದು ಎಳೆದು ಈಗ ಚಳಿಗಾಲನೇ ಮುಗೀತಾ ಬಂತು. ಬೈಕೋಬೇಡಿ.

ನೋಡ್ತಿದೀರಲ್ಲ, ಇದು ನಮ್ಮ ಕಾಲೇಜು ಫುಟ್‌ಬಾಲ್ ಸ್ಟೇಡಿಯಮ್ಮಿನ ಪಾರ್ಕಿಂಗು. ಫುಟ್‌ಬಾಲ್ ಅಂದ್ರೆ ಅಮೆರಿಕದವರ ಫುಟ್‌ಬಾಲು, ಕೈಯಲ್ಲಿ ಹಿಡ್ಕೊಂಡು ಓಡೋದು. ಲೋಗೋ ಎಲ್ಲಾ ಕಡೆ ಬ್ಲರ್ ಮಾಡಿದೀನಿ, ಯಾಕಂದ್ರೆ ನಂಗೆ ಸ್ಟೈಪೆಂಡ್ ಕೊಡೋದೂ ಇದೇ ಕಾಲೇಜು, ಈ ವಿಡಿಯೋದಲ್ಲಿ ನಾನು ಅವರ ಬಗ್ಗೆ ಒಳ್ಳೇದೇನೂ ಹೇಳಲ್ಲ. ಮ್ಯಾಕ್ ಅಂತ ಒಂದು ಲೀಗ್ ಇದೆ, ಮಿಡ್-ಅಮೆರಿಕನ್ ಕಾನ್ಫರೆನ್ಸ್, 1946ರಿಂದ ಇದೆ, ಅದ್ರಲ್ಲಿ ಆಡ್ತಾರೆ ನಮ್ಮೋರು. ಆಡ್ತಾರೆ ಅಂದ್ರೆ ಮೈದಾನಕ್ಕೆ ಬರ್ತಾರೆ, ಡ್ರೆಸ್ ಹಾಕ್ಕೋತಾರೆ, ಅಷ್ಟಂತೂ ಗ್ಯಾರಂಟಿ.

ಇವತ್ತು ಮಂಗಳವಾರ, ರಾತ್ರಿ 7 ಗಂಟೆಗೆ ಮ್ಯಾಚು. ಮಂಗಳವಾರ ಯಾಕೆ ಅಂತ ನಾನೂ ಕೇಳ್ದೆ. ಶನಿವಾರ ದೊಡ್ಡ ದೊಡ್ಡ ಕಾಲೇಜುಗಳ ಮ್ಯಾಚ್ ಇರತ್ತೆ, ಟಿವೀಲಿ ನಮ್ಮನ್ನ ಯಾರೂ ಕೇಳಲ್ಲ, ಅದಕ್ಕೆ ನವೆಂಬರ್ ಬಂದ್ರೆ ಈ ಲೀಗಿನೋರು ಮಂಗಳವಾರ ಬುಧವಾರ ರಾತ್ರಿ ಆಡ್ತಾರೆ. ಟಿವೀಲಿ ಆವಾಗ ಬೇರೆ ಮ್ಯಾಚ್ ಇರಲ್ಲ ಅಂತ ದೇಶದ ತುಂಬಾ ಒಂದಷ್ಟು ಜನ ನೋಡ್ತಾರಂತೆ, ಅದಕ್ಕೆ ಪ್ರೀತಿಯಿಂದ ಮ್ಯಾಕ್ಷನ್ ಅಂತ ಹೆಸ್ರು ಬೇರೆ ಇಟ್ಟಿದಾರೆ. ಸೋಫಾ ಮೇಲೆ ಕೂತು ನೋಡೋರಿಗೆ ಅದು ಮ್ಯಾಕ್ಷನ್ನು. ಇಲ್ಲಿ ಅಲ್ಯೂಮಿನಿಯಂ ಬೆಂಚ್ ಮೇಲೆ ಕೂತೋರಿಗೆ ಮಂಜುಗಡ್ಡೆ ಮೇಲೆ ಕೂತಂಗೆ.

ಈಗ ಬರೋ ಕ್ಯೂ ನೋಡಿ. ಇದನ್ನ ನಾನು ಫಾಸ್ಟ್ ಫಾರ್ವರ್ಡ್ ಮಾಡಲ್ಲ, ನಾನು ಅನುಭವಿಸಿದ್ದು ನೀವೂ ಸ್ವಲ್ಪ ಅನುಭವಿಸಿ. ಮೊದ್ಲು ಬರೋ 500 ಸ್ಟೂಡೆಂಟ್ಸ್‌ಗೆ ಫ್ರೀ ಟೀ ಶರ್ಟು ಅಂತ ಈಮೇಲ್ ಕಳಿಸಿದ್ರು, ಒಂದಲ್ಲ, ನಾಲ್ಕು ಈಮೇಲು. ಸರಿ ಅಂತ ಐದು ಗಂಟೆಗೇ ಹೋಗಿ ನಿಂತ್ವಿ, ನಾನು ನನ್ ರೂಮ್‌ಮೇಟು. ಮೂಗು ಇದೆಯೋ ಇಲ್ವೋ ಗೊತ್ತಾಗ್ತಿರ್ಲಿಲ್ಲ. ಟೀ ಶರ್ಟ್ ಹಂಚ್ತಿದ್ದ ಹುಡ್ಗಿ ಹತ್ರ ಮೀಡಿಯಂ ಕೊಡಿ ಅಂದ್ರೆ ಮೀಡಿಯಂ ಇಲ್ಲ, ಲಾರ್ಜು ಅಂದ್ರೆ ಅದೂ ಇಲ್ಲ, ಇರೋದು ಬರೀ ತ್ರೀ ಎಕ್ಸೆಲ್ಲು. ನನ್ ಮೈಗೆ ತ್ರೀ ಎಕ್ಸೆಲ್! ಹಾಕ್ಕೊಂಡ್ರೆ ಒಳಗೆ ಇನ್ನೊಬ್ರು ಬಾಡಿಗೆಗೆ ಇರಬಹುದು. ಹೋಗ್ಲಿ ಅಂತ ತಿರುಗಿಸಿ ನೋಡಿದ್ರೆ, ಮುಂದೆ ಎದೆ ಮೂಲೇಲಿ ಬೆಂಕಿಪೊಟ್ಟಣದಷ್ಟು ಟೀಮ್ ಲೋಗೋ, ಹಿಂದೆ ಪೂರ್ತಿ ಬೆನ್ನಿಗೆ ಒಬ್ಬ ಲಾಯರ್ ಜಾಹೀರಾತು. ‘ಆಕ್ಸಿಡೆಂಟ್ ಆಯ್ತಾ? ನಮಗೆ ಫೋನ್ ಮಾಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಫೋನ್ ನಂಬರು. ಅದನ್ನೂ ಬ್ಲರ್ ಮಾಡಿದೀನಿ. ಎರಡು ಗಂಟೆ ಚಳೀಲಿ ನಿಂತು ನಾನು ಲಾಯರ್ ಬೋರ್ಡ್ ಹೊತ್ಕೊಂಡು ಬಂದೆ.

ಮತ್ತೆ ಇದು ಫ್ರೀ ಅಂತಾರಲ್ಲ, ಅದು ನಂಗೆ ಇನ್ನೂ ಉರಿ. ಈ ಲೆವೆಲ್ಲಿನ ಎಷ್ಟೋ ಕಾಲೇಜಲ್ಲಿ ಕ್ರೀಡೆಗೆ ಹೋಗೋ ದುಡ್ಡಲ್ಲಿ ದೊಡ್ಡ ಪಾಲು ಟಿಕೆಟ್ ಮಾರಿ ಬರೋದಲ್ಲ, ಸ್ಟೂಡೆಂಟ್ ಫೀಸಿಂದ, ಕಾಲೇಜಿನ ಖಜಾನೆಯಿಂದ ಬರೋದು. ನಮ್ ಫೀಸ್ ಬಿಲ್ಲಲ್ಲಿ ‘ಇತರೆ’ ಅನ್ನೋ ತರ ಒಂದು ಲೈನ್ ಇರತ್ತೆ ನೋಡಿ, ಅದ್ರೊಳಗೆ ಕೂತಿದೆ ಇದು. ಅಂದ್ರೆ ಟಿಕೆಟ್ಟೂ ನಾನೇ ಕೊಂಡಿದ್ದು, ಟೀ ಶರ್ಟೂ ನಾನೇ ಕೊಂಡಿದ್ದು, ಆ ಲಾಯರ್ ಕೊಟ್ಟ ದುಡ್ಡು ಎಲ್ಲಿ ಹೋಯ್ತೋ ದೇವ್ರಿಗೇ ಗೊತ್ತು.

ಆಯ್ತು, ಮುಂದಿನ ಶಾಟ್. ಈ ಮಡಚೋ ಕುರ್ಚಿ ಮೇಲೆ ಕೂತಿರೋ ತಾತ ಇದಾರಲ್ಲ, ಮುಖ ತೋರಿಸ್ಬೇಡ ಅಂದ್ರು, ಬೂಟ್ಸ್ ಮಾತ್ರ ಕಾಣ್ತಿದೆ. ಇದೇ ಕಾಲೇಜಲ್ಲಿ ಓದಿದೋರು, ಮೂವತ್ತು ವರ್ಷದಿಂದ ಸೀಸನ್ ಟಿಕೆಟ್ ತಗೊಂಡು ಬರ್ತಿದಾರೆ. ಪಕ್ಕದಲ್ಲಿ ಅವರ ಮಗಳು, ಆಚೆ ಕಡೆ ಮೂರ್ನಾಲ್ಕು ಹುಡುಗ್ರು. ಗ್ರಿಲ್ ಮೇಲೆ ಏನೋ ಸುಡ್ತಾ ಇದಾರೆ, ವಾದ ಅದಕ್ಕಿಂತ ಜೋರಾಗಿ ಸುಡ್ತಾ ಇದೆ.

ಹುಡುಗ್ರ ವಾದ, ಮೊದ್ಲು ಕೋಚ್‌ನ ತೆಗೀಬೇಕು, ಆಮೇಲೆ ಉಳಿದಿದ್ದು. ಮಗಳು ಹೇಳೋದು, ಕೋಚ್‌ನ ತೆಗೆದ್ರೆ ಕಾಂಟ್ರ್ಯಾಕ್ಟಲ್ಲಿ ಉಳಿದಿರೋ ದುಡ್ಡು ಕೊಟ್ಟು ಕಳಿಸ್ಬೇಕು, ಅದಕ್ಕೂ ದುಡ್ಡಿಲ್ಲ, ಮೊದ್ಲು ಪ್ರಚಾರ ಸರಿ ಮಾಡಿ ಜನ ಬರೋ ಹಂಗೆ ಮಾಡಿ ಅಂತ. ತಾತ ಬೂಟ್ಸ್ ಕುಟ್ಟಿ ಹೇಳಿದ್ದು ಒಂದೇ ಮಾತು, ಶನಿವಾರ ಆಡ್ರೋ ಅಂತ. ನಂಗೆ ತಾತನ ಮಾತೇ ಸರಿ ಅನ್ನಿಸ್ತು. ಆದ್ರೆ ಮಗಳು, ಟಿವೀನೂ ಇಲ್ಲ ಅಂದ್ರೆ ಹೈಸ್ಕೂಲ್ ಹುಡುಗ್ರಿಗೆ ನಮ್ ಟೀಮ್ ಇದೆ ಅಂತಾನೇ ಗೊತ್ತಾಗಲ್ಲ, ಯಾವನು ಬಂದು ಸೇರ್ತಾನೆ ಅಂದ್ರು. ಅದೂ ಸರಿ. ನಾನು ಎಲ್ಲರಿಗೂ ತಲೆ ಆಡಿಸ್ತಾ ಇದೀನಿ, ವಿಡಿಯೋದಲ್ಲಿ ನೋಡಿದ್ರೆ ನಂಗೇ ನಾಚಿಕೆ ಆಗ್ತಿದೆ.

ಒಬ್ಬ ಹುಡುಗ ಅಂದ, ಕೆಳಗಿನ ಡಿವಿಷನ್‌ಗೆ ಇಳಿದುಬಿಡೋಣ ಅಂತ. ಗೊತ್ತಿಲ್ದೋರಿಗೆ ಹೇಳ್ತೀನಿ, ಮೇಲಿನದು ಎಫ್‌ಬಿಎಸ್, ಅದರ ಕೆಳಗೆ ಎಫ್‌ಸಿಎಸ್. ಇಂಗ್ಲಿಷ್ ಫುಟ್‌ಬಾಲ್ ತರ ಸೋತ್ರೆ ತಾನಾಗೇ ಕೆಳಗೆ ಬೀಳೋದು ಇಲ್ಲಿಲ್ಲ, ಕಾಲೇಜು ತಾನೇ ನಿರ್ಧಾರ ಮಾಡ್ಬೇಕು. ಐಡಹೋ ಯೂನಿವರ್ಸಿಟಿಯೋರು 2018ರಲ್ಲಿ ಹಂಗೆ ಇಳಿದ್ರು. ಅಲ್ಲಿ 24 ಟೀಮಿನ ಪ್ಲೇಆಫ್ ಇದೆ, ಗೆಲ್ಲೋ ಚಾನ್ಸಾದ್ರೂ ಇರತ್ತೆ ಅಂತ ಆ ಹುಡುಗನ ಲೆಕ್ಕ. ತಾತ ಕುರ್ಚಿಯಿಂದ ಎದ್ದೇ ಬಿಟ್ರು. ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿ 2022ರಲ್ಲಿ ಕೆಳಗಿಂದ ಮೇಲಕ್ಕೆ ಬಂತು, ಅವರು ಹತ್ತಿ ಬರ್ತಿರುವಾಗ ನಾವು ಇಳಿಯೋದಾ ಅಂತ. ತಮಾಷೆ ಅಂದ್ರೆ, ಇದನ್ನ ಶೂಟ್ ಮಾಡಿದ ಮುಂದಿನ ತಿಂಗಳು ಜೇಮ್ಸ್ ಮ್ಯಾಡಿಸನ್ ಮೇಲಿನ ಡಿವಿಷನ್ನಿನ 12 ಟೀಮಿನ ಪ್ಲೇಆಫ್‌ಗೇ ಹೋಯ್ತು. ತಾತಂಗೆ ಎಷ್ಟು ಖುಷಿ ಆಗಿರತ್ತೋ ಎಷ್ಟು ಹೊಟ್ಟೆ ಉರಿದಿರತ್ತೋ.

ಒಳಗೆ ಬಂದ್ವಿ. ಖಾಲಿ ಸೀಟ್ ಲೆಕ್ಕ ಹಾಕ್ಬೇಡಿ, ಬೇಜಾರಾಗತ್ತೆ. ಎಫ್‌ಬಿಎಸ್‌ನಲ್ಲಿರೋಕೆ ಸರಾಸರಿ 15,000 ಜನ ಬರ್ಬೇಕು ಅಂತ ಮೊದ್ಲು ಒಂದು ರೂಲಿತ್ತು, ಅದನ್ನ ಮುಟ್ಟೋಕೆ ಒಂದು ಕಾಲೇಜು ಸಾಫ್ಟ್ ಡ್ರಿಂಕ್ ಕಾಂಟ್ರ್ಯಾಕ್ಟ್ ದುಡ್ಡಲ್ಲಿ ತನ್ನ ಟಿಕೆಟ್ ತಾನೇ ಕೊಂಡ್ಕೊಂಡಿತ್ತು. ನಮ್ ಕಡೆ ಸಭೆ ತುಂಬಿಸೋಕೆ ಬಸ್ಸಲ್ಲಿ ಜನ ಕರ್ಕೊಂಡ್ ಬರ್ತಾರಲ್ಲ, ಕೊನೇಪಕ್ಷ ಅಲ್ಲಿ ಜನ ಆದ್ರೂ ಇರ್ತಾರೆ. 2023ರಲ್ಲಿ ಆ ರೂಲನ್ನೇ ತೆಗೆದ್ರು, ಅದೇ ಟೈಮಲ್ಲಿ ಹೊಸದಾಗಿ ಮೇಲೆ ಬರೋರು ಕಟ್ಟೋ ಫೀ 5,000 ಡಾಲರಿಂದ 50 ಲಕ್ಷ ಡಾಲರಿಗೆ ಏರಿಸಿದ್ರು. ಅಂದ್ರೆ ಜನ ಬೇಡ, ದುಡ್ಡು ಕೊಡಿ ಸಾಕು.

ಹಾಂ ಇಲ್ಲಿ ಅಮ್ಮ ವಿಡಿಯೋ ಕಾಲ್ ಮಾಡಿದ್ರು. ಅಲ್ಲಿ ಬುಧವಾರ ಬೆಳಗ್ಗೆ ಆರು ಗಂಟೆ, ಒಲೆ ಮೇಲೆ ಹಾಲಿಟ್ಟಿದ್ರು. ‘ಯಾರು ಗೆಲ್ತಿದಾರೋ?’ ಅಂದ್ರು. ಅವರೇ ಕಣಮ್ಮ ಅಂದೆ. ‘ಹಂಗಾದ್ರೆ ಅಲ್ಲೇನ್ ಮಾಡ್ತಿದೀಯ, ಹೋಗಿ ಮಲ್ಕೋ’ ಅಂತ ಹಾಲು ಉಕ್ಕೋಕೆ ಮುಂಚೆ ಕಟ್ ಮಾಡಿದ್ರು. ಇಡೀ ರಾತ್ರೀಲಿ ಅಷ್ಟು ನೇರವಾಗಿ ಯಾರೂ ಮಾತಾಡ್ಲಿಲ್ಲ.

ಆದ್ರೆ ಅಮ್ಮನ ಮಾತು ನಾವು ಆರ್‌ಸಿಬಿಯೋರು ಒಪ್ಪೋಕಾಗತ್ತಾ? 2008ರಿಂದ 2025ರ ಜೂನ್ 3ರವರೆಗೆ ಕಾದಿದ್ದೀವಿ. 2017ರಲ್ಲಿ ಕೋಲ್ಕತ್ತಾ ಎದುರು 49 ರನ್‌ಗೆ ಆಲೌಟ್ ಆದ್ರು, ಆ ವರ್ಷ ಲಾಸ್ಟು, 2019ರಲ್ಲಿ ಮತ್ತೆ ಲಾಸ್ಟು, ಆದ್ರೂ ಚಿನ್ನಸ್ವಾಮೀಲಿ ಟಿಕೆಟ್ ಸಿಗ್ತಿತ್ತಾ? ಇಲ್ವಲ್ಲ. ನಾನು ತಾತಂಗೆ ಇದನ್ನ ಹೇಳ್ದೆ, ಗೆದ್ರೆ ಜನ ಬರ್ತಾರೆ ಅನ್ನೋದೆಲ್ಲ ಸುಳ್ಳು ಅಂತ. ಅವರು ಕೇಳಿದ್ರು, ಯಾರಿಗೋಸ್ಕರ ಹೋಗ್ತಿದ್ರಿ ಅಂತ. ಕೊಹ್ಲಿ ಅಂದೆ. ಎಷ್ಟು ವರ್ಷದಿಂದ ಇದಾನೆ ಅಂದ್ರು. ಮೊದಲ ಸೀಸನ್ನಿಂದ ಒಂದೇ ಟೀಮು ಅಂದೆ. ತಾತ ಸುಮ್ನೆ ಮೈದಾನ ತೋರಿಸಿ, ಇಲ್ಲಿ ಯಾರ ಹೆಸ್ರು ಗೊತ್ತು ಹೇಳು ಅಂದ್ರು.

ಒಂದೂ ಗೊತ್ತಿರ್ಲಿಲ್ಲ.

ಮ್ಯಾಟರ್ ಇರೋದೇ ಅಲ್ಲಿ. ಈಗ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಇದೆ, ಆಟಗಾರ ಹೆಸ್ರು ಹಾಕಿದ್ರೆ ಬೇರೆ ಕಾಲೇಜು ಎತ್ತಾಕೊಂಡು ಹೋಗತ್ತೆ, ಮೊದಲಿನ ತರ ಒಂದು ವರ್ಷ ಆಡದೆ ಕೂರ್ಬೇಕಾಗಿಲ್ಲ. 2021ರ ಜುಲೈಯಿಂದ ಆಟಗಾರರು ಜಾಹೀರಾತಿಂದ ದುಡ್ಡು ಮಾಡಬಹುದು, 2025ರಿಂದ ಕಾಲೇಜೇ ನೇರವಾಗಿ ಕೊಡಬಹುದು, ಎಲ್ಲಾ ಆಟ ಸೇರಿ ಮೊದಲ ವರ್ಷಕ್ಕೆ 2 ಕೋಟಿ 5 ಲಕ್ಷ ಡಾಲರ್‌ವರೆಗೆ. ನಮ್ಮೋರು ಅದ್ರ ಹತ್ರಾನೂ ಹೋಗಲ್ಲ. ಹಂಗಾಗಿ ಇಲ್ಲಿ ಒಬ್ಬ ಹುಡುಗ ಚೆನ್ನಾಗಿ ಆಡ್ದ ಅಂದ್ರೆ ಮುಂದಿನ ವರ್ಷ ಅವನು ಇರಲ್ಲ. ಇನ್ನು ಪೋಸ್ಟರಲ್ಲಿ ಯಾರ ಫೋಟೋ ಹಾಕ್ತಾರೆ ಪಾಪ, ಅದಕ್ಕೇ ಲಾಯರ್ ಹೆಸ್ರು ಹಾಕಿರೋದು, ಅವನಾದ್ರೂ ಊರಲ್ಲೇ ಇರ್ತಾನೆ. ನಾನೇ ಆಟಗಾರ ಆಗಿದ್ರೂ ಹೋಗ್ತಿದ್ದೆ ಬಿಡಿ, ಹುಡುಗ್ರನ್ನ ಬೈಯೋಕಾಗಲ್ಲ, ತಲೆ ಒಡ್ಕೊಂಡು ಆಡೋರು ಅವರು.

ಈ ಪೋರ್ಟಲ್ ನಿಲ್ಲಿಸ್ಬೇಕು ಅಂತ ಅವತ್ತು ಕ್ಯಾಮೆರಾ ಮುಂದೆ ದೊಡ್ಡ ಭಾಷಣ ಹೊಡೆದಿದ್ದೆ. ಕಟ್ ಮಾಡಿದೀನಿ. ಯಾಕಂದ್ರೆ ಆಮೇಲೆ ಇಂಡಿಯಾನಾ ಯೂನಿವರ್ಸಿಟಿ ಏನ್ ಮಾಡ್ತು ಗೊತ್ತಲ್ಲ, ಸೋಲೋದಕ್ಕೇ ಫೇಮಸ್ ಆಗಿದ್ದ ಟೀಮು, 2023ರಲ್ಲಿ 3 ಗೆಲುವು 9 ಸೋಲು, ಕರ್ಟ್ ಸಿಗ್ನೆಟ್ಟಿ ಅಂತ ಕೋಚ್ ಬಂದ, ಜೇಮ್ಸ್ ಮ್ಯಾಡಿಸನ್ನಿಂದ ತನ್ನ ಹುಡುಗ್ರನ್ನೂ ಕರ್ಕೊಂಡೇ ಬಂದ, ಮೊದಲ ವರ್ಷ 11 ಗೆದ್ದ, ಎರಡನೇ ವರ್ಷ ಆಡಿದ 16ಕ್ಕೆ 16 ಗೆದ್ದು 2026ರ ಜನವರೀಲಿ ನ್ಯಾಷನಲ್ ಚಾಂಪಿಯನ್ನು. ಅವರ ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆದು ಆಟ ನಡೆಸೋನು, ಫರ್ನಾಂಡೋ ಮೆಂಡೋಝಾನೂ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಿಂದ ಪೋರ್ಟಲಲ್ಲೇ ಬಂದೋನು. ಹಂಗಾಗಿ ಪೋರ್ಟಲ್ ಒಳ್ಳೇದೇ. ಎತ್ಕೊಂಡು ಬರೋರಿಗೆ ಒಳ್ಳೇದು, ಕಳ್ಕೊಳ್ಳೋರಿಗೆ ಕೆಟ್ಟದ್ದು. ನಾವು ಯಾವ ಕಡೆ ಅಂತ ಹೇಳ್ಬೇಕಾ?

ಆಸೆ ಇಲ್ವೇ ಇಲ್ಲ ಅಂತಲ್ಲ. ದೊಡ್ಡ ಕಾಲೇಜುಗಳು ದುಡ್ಡು ಕೊಟ್ಟು ಇಂಥ ಟೀಮನ್ನ ಹೊಡಿಯೋಕೇ ಅಂತ ಕರೀತಾವೆ. 2024ರಲ್ಲಿ ಇದೇ ಲೀಗಿನ ನಾರ್ದರ್ನ್ ಇಲಿನಾಯ್ 14 ಲಕ್ಷ ಡಾಲರ್ ಇಸ್ಕೊಂಡು ನೋಟರ್ ಡೇಮ್‌ಗೆ ಹೋಗಿ, 16-14ರಲ್ಲಿ ಅವರನ್ನೇ ಸೋಲಿಸಿ ಬಂದ್ರು. ಉಂಡು ಹೋದ ಕೊಂಡೂ ಹೋದ. ಅದೇ ವರ್ಷ ಅದೇ ಲೀಗಿನ ಕೆಂಟ್ ಸ್ಟೇಟ್ 12ಕ್ಕೆ 12ನ್ನೂ ಸೋತಿದ್ದು ಬೇರೆ ಮಾತು. ಅವರಿಗೆ ಹೋಲಿಸಿದ್ರೆ ನಾವು ಪರವಾಗಿಲ್ಲ ಅಂತ ಹುಡುಗ್ರು ಸಮಾಧಾನ ಮಾಡ್ಕೋತಿದ್ರು. 6 ಗೆದ್ರೆ ಬೌಲ್ ಗೇಮ್, ಅಂದ್ರೆ ಸೀಸನ್ ಮುಗಿದ್ಮೇಲೆ ಇನ್ನೊಂದು ಮ್ಯಾಚು ಸಿಗತ್ತೆ ಅಂತ ಇನ್ನೂ ಲೆಕ್ಕ ಹಾಕ್ತಿದಾನೆ ಒಬ್ಬ, ಉಳಿದಿರೋ ಮ್ಯಾಚು ಮೂರು, ಬೇಕಾಗಿರೋದು ಐದು ಗೆಲುವು.

ಹಾಫ್ ಟೈಮು. ಸ್ಟೂಡೆಂಟ್ಸ್ ಎದ್ದು ಹೋಗ್ತಿರೋದು ನೋಡಿ, ಟೀ ಶರ್ಟ್ ಸಿಕ್ತು, ಕೆಲಸ ಮುಗೀತು. ಬ್ಯಾಂಡ್‌ನೋರು ಮಾತ್ರ ನಿಂತಿದಾರೆ. ಆ ಟ್ರಂಪೆಟ್ ಹುಡ್ಗಿ ಬೆರಳಿಲ್ಲದ ಗ್ಲೌಸ್ ಹಾಕ್ಕೊಂಡು ಊದ್ತಿದಾಳೆ, ನಾಲ್ಕು ವರ್ಷದಿಂದ ಊದ್ತಿದಾಳಂತೆ. ಪೋಸ್ಟರಲ್ಲಿ ಇವಳ ಫೋಟೋ ಹಾಕ್ಬೇಕು ಅಂತ ತಾತನ ಮಗಳು ಅಂದ್ರು. ರಾತ್ರಿಯ ಬೆಸ್ಟ್ ಐಡಿಯಾ, ಯಾರೂ ಬರ್ಕೊಳ್ಲಿಲ್ಲ.

ಈ ಶಾಟಲ್ಲಿ ನನ್ನ ನೋಡಿ ನಗ್ತಿದಾರಲ್ಲ, ಅದು ಯಾಕಂದ್ರೆ ಚಳಿ ತಡಿಯೋಕಾಗ್ದೆ ಆ ತ್ರೀ ಎಕ್ಸೆಲ್ ಟೀ ಶರ್ಟನ್ನ ಜಾಕೆಟ್ ಮೇಲೆ ಹಾಕ್ಕೊಂಡೆ. ಕರೆಕ್ಟಾಗಿ ಕೂತ್ಕೊಳ್ತು ಗುರು! ತಾತ ಹೇಳಿದ್ರು, ನವೆಂಬರ್ ಮ್ಯಾಚಿಗೆ ನಾವು ಯಾವಾಗ್ಲೂ ಇದೇ ಸೈಜು ಕೇಳಿ ತಗೊಳ್ಳೋದು, ನೀನು ಯಾಕೆ ಆ ಹುಡ್ಗಿ ಹತ್ರ ಜಗಳ ಆಡ್ದೆ ಅಂತ. ಆಗ ಮೇಲೆ ಬೈದಿದ್ದೆಲ್ಲ ಅರ್ಧ ವಾಪಸ್ ತಗೋತೀನಿ. ಲಾಯರ್ ವಿಷಯ ತಗೊಳಲ್ಲ.

ಲೈಟ್ ಹೋಯ್ತಲ್ಲ, ಅದು ಚಳಿಗೆ ಬ್ಯಾಟರಿ ಸತ್ತಿದ್ದು, ಕೊನೇ ಕ್ವಾರ್ಟರ್ ಫೂಟೇಜ್ ಇಲ್ಲ. ಸೋತ್ವಿ. ಇದು ಫೋನಲ್ಲಿ ತೆಗೆದಿದ್ದು, ವಾಪಸ್ ಬರ್ತಾ ಮೆಟ್ಟಿಲ ಹತ್ರ, ಈಗ... ಈಗ ಜಾರಿ ಬೀಳ್ತೀನಿ ನೋಡಿ. ಹಾಂ. ರೂಮ್‌ಮೇಟ್ ಎತ್ತೋದು ಬಿಟ್ಟು ಹಿಂದೆ ನಿಂತು ನಗ್ತಾ ಏನಂತಿದಾನೆ ಕೇಳಿಸ್ತಾ? ‘ಮಗಾ, ಎದ್ದೇಳ್ಬೇಡ ಇರು, ನಂಬರ್ ನಿನ್ ಬೆನ್ ಮೇಲೇ ಇದೆ, ಫೋನ್ ಮಾಡ್ತೀನಿ.’