ಕೆರೆಯಂಗಳದಲ್ಲಿ ಕಲಿತ ಸೆವೆನ್ ಐರನ್

ಈ ಸದ್ದು ಕೇಳಿ. ಟಕ್. ಅಷ್ಟೇ.

ಜೋರಾಗಿಲ್ಲ, ಅಲ್ವಾ? ಗಾಲ್ಫ್‌ನಲ್ಲಿ ತುಂಬಾ ದೂರಕ್ಕೆ ಹೊಡೆಯುವ ಕ್ಲಬ್, ಅಂದರೆ ಕೋಲು, ಡ್ರೈವರ್. ಡ್ರೈವರ್‌ನಲ್ಲಿ ಹೊಡೆದರೆ ಅರ್ಧ ಮೈದಾನಕ್ಕೆ ಕೇಳಿಸುತ್ತದೆ. ಇದು ಸೆವೆನ್ ಐರನ್, ಮಧ್ಯಮ ದೂರದ ಕ್ಲಬ್. ಇದರ ಸದ್ದು ಪಕ್ಕದಲ್ಲಿ ನಿಂತವರಿಗೆ ಮಾತ್ರ. ಆದರೆ ನನ್ನ ಆಟದಲ್ಲಿ ಕಣ್ಣು ಮುಚ್ಚಿ ನಂಬುವುದು ಅಂತ ಏನಾದರೂ ಇದ್ದರೆ ಅದು ಈ ಸಣ್ಣ ಸದ್ದೇ.

ನಮಸ್ಕಾರ. ನಾನು ಕೋಲಾರದವನು. ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ವಾರವೆಲ್ಲಾ ಸುಟ್ಟುಹೋದ ಮೋಟರ್, ತಾಮ್ರದ ತಂತಿ, ಅದೇ ಕೆಲಸ. ತಿಂಗಳಿಗೆ ಎರಡು ಭಾನುವಾರ ಮಾತ್ರ ಗಾಲ್ಫ್. ಈಗ ಬೆಳಗಿನ ಜಾವ ಐದು ಗಂಟೆ. ಅಂತರಗಂಗೆ ಬೆಟ್ಟ ಇನ್ನೂ ಕಪ್ಪಗೇ ಕಾಣುತ್ತಿದೆ. ಮಂಡಿ ಅಣ್ಣನ ಕಾರಿನಲ್ಲಿ ನಾವು ಮೂವರು ನಂದಿ ಬೆಟ್ಟದ ಕಡೆ ಹೊರಟಿದ್ದೇವೆ. ಮಂಡಿ ಅಣ್ಣ ಅಂದರೆ ಟೊಮೆಟೊ ಮಂಡಿಯವರು. ಹಿಂದೆ ಕೂತಿರುವವರು ನಮ್ಮ ಡಾಕ್ಟರಮ್ಮ, ಹಲ್ಲಿನ ಡಾಕ್ಟರು.

ಗಾಲ್ಫ್ ಕೋಲಾರದವರಿಗೆ ಎಲ್ಲಿಂದ ಬಂತು ಅಂತ ಕೆಲವರು ಕೇಳುತ್ತಾರೆ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಚಿನ್ನ ತೆಗೆಯಲು ಶುರು ಮಾಡಿತು. ಅಲ್ಲಿದ್ದ ಇಂಗ್ಲಿಷ್ ಇಂಜಿನಿಯರುಗಳು ಈ ಆಟವನ್ನೂ ಜೊತೆಗೆ ತಂದರು. 2001ರಲ್ಲಿ ಗಣಿ ಮುಚ್ಚಿತು. ಆದರೂ ಗಾಲ್ಫ್ ಅಂದರೆ ಏನು ಅಂತ ಅಲ್ಲಿನ ಹಳಬರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಕಾರಿನಲ್ಲಿ ಡಾಕ್ಟರಮ್ಮ ಒಂದು ಪ್ರಶ್ನೆ ಎತ್ತಿದರು. "ನಮ್ಮ ನಮ್ಮ ಆಟದಲ್ಲಿ ಗಟ್ಟಿಯಾದದ್ದು ಯಾವುದು? ಒಬ್ಬೊಬ್ಬರೂ ಒಂದೇ ಒಂದು ಹೇಳಬೇಕು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಿಮ್ಮಲ್ಲಿ ಕೆಟ್ಟದ್ದು ಯಾವುದು ಅಂತ ಗಾಲ್ಫ್ ಆಡುವವರನ್ನು ಕೇಳಿ, ನರಸಾಪುರ ದಾಟುವವರೆಗೂ ಹೇಳುತ್ತಾರೆ. ಒಳ್ಳೆಯದು ಯಾವುದು ಅಂದರೆ ನಾಲಿಗೆ ಕಟ್ಟುತ್ತದೆ. ನಾನೂ ಮೊದಲು ಡ್ರೈವರ್ ಅಂತ ಹೇಳೋಣ ಅಂದುಕೊಂಡೆ. ಹೋದ ವರ್ಷ ಒಂದು ಹೊಡೆತ ಹೊಡೆದಿದ್ದೆ, ಬಾಲು ಗಾಳಿಯಲ್ಲಿ ನಿಂತೇಬಿಟ್ಟಿತೇನೋ ಅನ್ನುವಷ್ಟು ಚೆನ್ನಾಗಿ. ಅದು ಇನ್ನೂ ಕಣ್ಣ ಮುಂದಿದೆ. ಆದರೆ ನನ್ನ ಚೀಲದಲ್ಲಿ ಒಂದು ನೋಟ್‌ಬುಕ್ ಇದೆ. ಅದು ಬೇರೆಯದನ್ನೇ ಹೇಳುತ್ತದೆ.

ಇಗೋ, ಈ ಪುಟ ನೋಡಿ. ಕಳೆದ ಹತ್ತು ಸುತ್ತಿನ ಲೆಕ್ಕ ಇದು. ಒಂದು ಸುತ್ತು ಅಂದರೆ ಹದಿನೆಂಟು ಹೋಲ್, ಅಂದರೆ ಹದಿನೆಂಟು ಗುಂಡಿ. ಡ್ರೈವರ್ ಹಿಡಿದಾಗ ಸುತ್ತೊಂದಕ್ಕೆ ಹದಿನಾಲ್ಕು ಹೊಡೆತದಲ್ಲಿ ಐದು ಸಲ ಮಾತ್ರ ಬಾಲು ಹುಲ್ಲು ಕತ್ತರಿಸಿದ ದಾರಿಯಲ್ಲಿ, ಅಂದರೆ ಫೇರ್‌ವೇಯಲ್ಲಿ ನಿಂತಿದೆ. ಉಳಿದದ್ದೆಲ್ಲಾ ರಫ್ ಅನ್ನುವ ಉದ್ದ ಹುಲ್ಲು, ಮರದ ಬುಡ, ನೀರು. ಈ ಕೆಳಗಿನ ಸಾಲು ನೋಡಿ. ಗುಂಡಿ ಇರುವ ನುಣುಪು ಹುಲ್ಲಿನ ಜಾಗಕ್ಕೆ ಗ್ರೀನ್ ಅನ್ನುತ್ತಾರೆ. ಅದರ ಹೊರಗೆ ಇಪ್ಪತ್ತು ಹೆಜ್ಜೆಯೊಳಗಿಂದ, ಸೆವೆನ್ ಐರನ್‌ನಲ್ಲಿ, 61 ಹೊಡೆತ. ಅದರಲ್ಲಿ 44 ಸಲ ಬಾಲು ಗುಂಡಿಗೆ ಮೂರು ಹೆಜ್ಜೆಯೊಳಗೆ ನಿಂತಿದೆ. ನನ್ನ ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟದ ಅಂಕ, 22; ಅದು ಕಡಿಮೆ ಇದ್ದಷ್ಟೂ ಆಟ ಒಳ್ಳೆಯದು. ಅಂಥ ಆಟಗಾರನಿಗೆ ಇದು ಚಿಕ್ಕ ವಿಷಯ ಅಲ್ಲ.

ಇದು ಎಲ್ಲಿಂದ ಬಂತು ಅಂತ ಹೇಳಬೇಕು. ಈ ವಿಡಿಯೋ ಮಾಡಿದ್ದೇ ಅದಕ್ಕೆ.

ನಮ್ಮ ಚಿಕ್ಕಪ್ಪ ಸೈನ್ಯದಲ್ಲಿದ್ದವರು. ಕಂಟೋನ್ಮೆಂಟ್‌ಗಳಲ್ಲಿ ಗಾಲ್ಫ್ ಆಡಿ ಅಭ್ಯಾಸ. 2012ರಲ್ಲಿ ರಿಟೈರ್ ಆಗಿ ಊರಿಗೆ ಬಂದಾಗ ಒಂದು ಟ್ರಂಕು, ಒಂದು ಹೋಲ್ಡಾಲು, ಅದರ ಜೊತೆಗೆ ಹಿಡಿ ಸವೆದ ಒಂದು ಸೆವೆನ್ ಐರನ್ ತಂದರು. ಮೂವತ್ತು ಹಳೇ ಬಾಲು. ಅಷ್ಟೇ. ಆಟದ ನಿಯಮದಲ್ಲಿ ಚೀಲದಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು. ನಮ್ಮ ಹತ್ತಿರ ಇದ್ದದ್ದು ಒಂದು.

ಆಗ ನಮ್ಮೂರ ಕೆರೆ ಒಣಗಿ ಎಷ್ಟೋ ವರ್ಷ ಆಗಿತ್ತು. ಕೋಲಾರದವರಿಗೆ ಹೇಳಬೇಕಾಗಿಲ್ಲ, ಆ ವರ್ಷಗಳು ಹೇಗಿದ್ದವು ಅಂತ. ಸಾವಿರದ ಇನ್ನೂರು ಅಡಿ ಕೊರೆದರೂ ಬರೀ ಧೂಳು. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿತ್ತು. ನಡುವೆ ಒಂದಿಷ್ಟು ಜಾಗ ಮಾತ್ರ ಬಿರುಕು ಬಿಟ್ಟ ಬರೀ ನೆಲ. ಸಂಜೆ ಅಂಗಡಿ ಮುಚ್ಚಿ ಅಲ್ಲಿಗೆ ಹೋಗುತ್ತಿದ್ದೆ. ಚಿಕ್ಕಪ್ಪ ಒಂದು ಜಾಲಿ ಕಡ್ಡಿ ನೆಟ್ಟು, "ಅದರ ಹತ್ತಿರ ನಿಲ್ಲಿಸು" ಅನ್ನುತ್ತಿದ್ದರು.

ಹುಲ್ಲಿಲ್ಲದ ಗಟ್ಟಿ ನೆಲದಲ್ಲಿ ಬಾಲಿನ ಕೆಳಗೆ ಕ್ಲಬ್ ತೂರಿಸಿ ಮೇಲೆತ್ತುವುದು ಬಹಳ ಕಷ್ಟ. ಸ್ವಲ್ಪ ಹಿಂದೆ ತಾಗಿದರೆ ಕ್ಲಬ್ ನೆಲಕ್ಕೆ ಬಡಿದು ಪುಟಿಯುತ್ತದೆ, ಮಣಿಕಟ್ಟು ಜುಮ್ಮೆನ್ನುತ್ತದೆ. ಹಾಗಾಗಿ ಚಿಕ್ಕಪ್ಪ ಎತ್ತುವುದನ್ನು ಕಲಿಸಲೇ ಇಲ್ಲ. "ಎತ್ತಬೇಡ, ಉರುಳಿಸು. ಗೋಲಿ ಆಡಿದ್ದೀಯಲ್ಲ?" ಅಂದರು. ಬಾಲನ್ನು ಬಲಗಾಲಿನ ಹತ್ತಿರ ಇಡು. ಭಾರ ಎಡಗಾಲಿನ ಮೇಲೆ. ಕೈ ಸ್ವಲ್ಪ ಮುಂದೆ. ಮಣಿಕಟ್ಟು ಮುರಿಯಬೇಡ, ಭುಜದಿಂದ ತೂಗು. ಮೊದಲು ಬಾಲು, ಆಮೇಲೆ ನೆಲ. ಎರಡು ವರ್ಷ ಇದೊಂದನ್ನೇ ಮಾಡಿದೆ.

ಆಗ ಗೊತ್ತಾದ ಒಂದು ಲೆಕ್ಕ ಇವತ್ತಿಗೂ ನನಗೆ ಅನ್ನ ಹಾಕುತ್ತಿದೆ. ಸೆವೆನ್ ಐರನ್‌ನ ಮುಖ, ಬಾಲನ್ನು ಎತ್ತರಕ್ಕೆ ಎತ್ತುವ ಕ್ಲಬ್ ಆದ ಸ್ಯಾಂಡ್ ವೆಜ್‌ನಷ್ಟು ಮೇಲಕ್ಕೆ ನೋಡುವುದಿಲ್ಲ. ಬಾಲು ತಗ್ಗಾಗಿ ಹೊರಟು, ಬೇಗ ನೆಲ ಮುಟ್ಟಿ, ಉಳಿದ ದಾರಿ ಉರುಳುತ್ತದೆ. ಸಮತಟ್ಟಾದ ನೆಲದಲ್ಲಿ ಒಂದು ಪಾಲು ಹಾರಿದರೆ ಹೆಚ್ಚುಕಡಿಮೆ ಮೂರು ಪಾಲು ಉರುಳುತ್ತದೆ. ಸ್ಯಾಂಡ್ ವೆಜ್‌ನಲ್ಲಾದರೆ ಹಾರುವುದೂ ಉರುಳುವುದೂ ಸುಮಾರು ಸಮ. ಹಾಗಾಗಿ ನಾನು ಗುಂಡಿಯನ್ನು ನೋಡುವುದೇ ಇಲ್ಲ. ಬಾಲು ಮೊದಲು ಬೀಳಬೇಕಾದ ಜಾಗವನ್ನು ನೋಡುತ್ತೇನೆ. ಅದು ನನ್ನಿಂದ ನಾಲ್ಕೈದು ಹೆಜ್ಜೆ ಅಷ್ಟೇ. ನಾಲ್ಕು ಹೆಜ್ಜೆ ದೂರಕ್ಕೆ ಬಾಲು ಹಾಕುವುದಕ್ಕೆ ಯಾರಿಗೆ ಭಯ?

ಸರಿ, ಮೈದಾನಕ್ಕೆ ಬಂದೆವು. ಮಂಜು ಇನ್ನೂ ಕರಗಿಲ್ಲ. ಹುಲ್ಲಿನ ಮೇಲೆ ನಮ್ಮ ಹೆಜ್ಜೆ ಗುರುತು ಕಾಣುತ್ತಿದೆ ನೋಡಿ.

ಡಾಕ್ಟರಮ್ಮನ ಉತ್ತರ ಮೊದಲನೇ ಹೋಲ್‌ನಲ್ಲೇ ಸಿಕ್ಕಿತು. ಅವರು ದೂರ ಹೊಡೆಯುವುದಿಲ್ಲ. ಆದರೆ ಅವರ ಬಾಲು ನೆಟ್ಟಗೆ ಹೋಗುತ್ತದೆ. ಇವತ್ತು ಹದಿನೆಂಟು ಹೋಲ್ ಮುಗಿಸಿದ್ದು ಒಂದೇ ಬಾಲಿನಲ್ಲಿ. "ನನ್ನ ಬಾಲನ್ನು ಹುಡುಕೋಕೆ ಯಾರೂ ಬರಬೇಕಾಗಿಲ್ಲ, ಅದೇ ನನ್ನ ಗಟ್ಟಿ" ಅಂದರು. 2019ರಿಂದ ಕಳೆದ ಬಾಲು ಹುಡುಕಲು ಐದು ನಿಮಿಷದ ಬದಲು ಮೂರೇ ನಿಮಿಷ ಕೊಡುತ್ತಾರೆ. ಅವರಿಗೆ ಆ ಮೂರು ನಿಮಿಷವೂ ಬೇಕಾಗಲಿಲ್ಲ.

ಮಂಡಿ ಅಣ್ಣನದು ನನಗೆ ತುಂಬಾ ಹಿಡಿಸಿತು. ಆರನೇ ಹೋಲ್‌ನಲ್ಲಿ ಅವರು ಎರಡು ಬಾಲು ನೀರಿಗೆ ಹಾಕಿ ಒಂಬತ್ತು ಹೊಡೆತ ಬರೆಸಿಕೊಂಡರು. ನಾನಾಗಿದ್ದರೆ ಮುಂದಿನ ಮೂರು ಹೋಲ್ ಅದೇ ಗುಂಗಿನಲ್ಲಿ ಕೆಡಿಸಿಕೊಳ್ಳುತ್ತಿದ್ದೆ. ಅವರು ಏಳನೇ ಹೋಲ್ ಶುರುವಾಗುವ ಟೀಗೆ ಹೋದರು, ಬಾಲಿಟ್ಟರು, ಹೊಡೆದರು, ಪಾರ್ ಮಾಡಿದರು, ಅಂದರೆ ನಿಗದಿಯಾದಷ್ಟೇ ಹೊಡೆತದಲ್ಲಿ ಮುಗಿಸಿದರು. ಹೇಗಣ್ಣ ಅಂತ ಕೇಳಿದೆ.

"ನೋಡಪ್ಪ, 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದ್ದನ್ನೂ ನೋಡಿದೀನಿ. ಕೇಳೋರಿಲ್ಲದೆ ರಸ್ತೆಗೆ ಸುರಿದದ್ದನ್ನೂ ನೋಡಿದೀನಿ. ನಿನ್ನೆ ರೇಟು ತಲೇಲಿಟ್ಕೊಂಡು ಇವತ್ತು ಹರಾಜು ಕೂಗೋಕಾಗುತ್ತಾ?"

ಕೆಟ್ಟ ಹೋಲ್ ಆದ ಮೇಲಿನ ಹೊಡೆತ. ಅದೂ ಆಟದ ಒಂದು ಭಾಗ ಅಂತ ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಮನೆಗೆ ಬಂದು ನೋಟ್‌ಬುಕ್‌ನಲ್ಲಿ ಅದಕ್ಕೂ ಒಂದು ಸಾಲು ಹಾಕಿದ್ದೇನೆ.

ನಮ್ಮ ಕ್ಯಾಡಿ, ಅಂದರೆ ಚೀಲ ಹೊರುವವನು, ಪಕ್ಕದ ಊರಿನ ಹುಡುಗ. ಸೋಮವಾರ ಸೋಮವಾರ ತಾನೂ ಆಡುತ್ತಾನೆ, ನಮ್ಮೆಲ್ಲರಿಗಿಂತ ಚೆನ್ನಾಗಿ. ಅವನನ್ನೂ ಕೇಳಿದೆ. "ಪಟಿಂಗ್ ಸಾರ್" ಅಂದ. ಅಂದರೆ ಗ್ರೀನ್ ಮೇಲೆ ಬಾಲನ್ನು ಗುಂಡಿಗೆ ಉರುಳಿಸುವುದು. ಇಳಿಜಾರು ಕಣ್ಣಿಗೆ ಕಾಣುವ ಮೊದಲೇ ಪಾದಕ್ಕೆ ಗೊತ್ತಾಗುತ್ತದೆ ಅಂತ ಅವನ ಮಾತು. ಗುಂಡಿಯ ಅಗಲ 108 ಮಿಲಿಮೀಟರ್, ನಮ್ಮ ಮನೆಯ ಕಾಫಿ ಲೋಟ ಹಿಡಿಯುವಷ್ಟು ಜಾಗ. ಅವನು ಗ್ರೀನ್ ಮೇಲೆ ನಿಧಾನಕ್ಕೆ ನಡೆಯುವುದನ್ನು ನೋಡಿ. ಬಾಲಿಗೂ ಗುಂಡಿಗೂ ನಡುವೆ, ಸಾಲಿನ ಪಕ್ಕದಲ್ಲಿ ಒಂದು ಸಲ ನಿಂತು, ಯಾವ ಕಾಲಿನ ಮೇಲೆ ಭಾರ ಬೀಳುತ್ತಿದೆ ಅಂತ ನೋಡಿಕೊಳ್ಳುತ್ತಾನೆ. ಆಮೇಲೆ "ಎಡಕ್ಕೆ ಒಂದು ಗುಂಡಿ ಅಗಲ" ಅನ್ನುತ್ತಾನೆ. ಒಂದು ಸಲವೂ ತಪ್ಪಲಿಲ್ಲ. ಹೊಡೆದು ತಪ್ಪಿಸಿದ್ದು ನಾವು.

ಪಟಿಂಗ್ ಅಂದರೆ ನನಗೆ ಅದಿತಿ ಅಶೋಕ್ ನೆನಪಾಗುತ್ತಾರೆ. ಬೆಂಗಳೂರಿನ ಹುಡುಗಿ. ಟೋಕಿಯೋ ಒಲಿಂಪಿಕ್ಸ್‌ಗೆ, ಅಂದರೆ 2021ರ ಆಗಸ್ಟ್‌ನಲ್ಲಿ, ಹೋದಾಗ ವಿಶ್ವ ರ‍್ಯಾಂಕಿಂಗ್ 200. ದೂರ ಹೊಡೆಯುವುದರಲ್ಲಿ ಅಲ್ಲಿದ್ದವರಲ್ಲಿ ಬಹಳ ಹಿಂದೆ. ಬ್ಯಾಗ್ ಹೊತ್ತಿದ್ದು ಅವರ ತಾಯಿ. ನಾಲ್ಕೂ ದಿನ ಪಟರ್ ಹಿಡಿದು ದೊಡ್ಡ ದೊಡ್ಡ ಹೆಸರುಗಳ ಜೊತೆ ಸಮಸಮ ನಿಂತರು. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೆಯವರಾದರು. ಆ ಬೆಳಿಗ್ಗೆ ನಾನು ಅಂಗಡಿ ತೆಗೆಯದೆ ಟಿವಿ ಮುಂದೆ ಕೂತಿದ್ದೆ. ಕೊನೆಯ ಪಟ್ ಗುಂಡಿ ದಾಟಿ ಹೋದಾಗ ಕಣ್ಣು ತುಂಬಿ ಬಂತು. ತನ್ನಲ್ಲಿ ಇಲ್ಲದ್ದಕ್ಕೆ ಕೊರಗದೆ ಇದ್ದದ್ದನ್ನೇ ಅಷ್ಟು ದೂರ ಹೊತ್ತು ನಡೆದ ಆಟ ಅದು.

ಆದರೆ ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಗಟ್ಟಿಯಾದದ್ದೂ ಮುಖ್ಯವಾದದ್ದೂ ಒಂದೇ ಅಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬ್ರೋಡಿ ಅಂತ ಒಬ್ಬ ಪ್ರೊಫೆಸರ್ ಇದ್ದಾರೆ. ಒಂದೊಂದು ಹೊಡೆತದ ಬೆಲೆ ಕಟ್ಟುವ ಲೆಕ್ಕ ಅವರದು. 2011ರಿಂದ ಅಲ್ಲಿನ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್ ಕೂಡ ಅದನ್ನು ಬಳಸುತ್ತಿದೆ. ಸುಲಭವಾಗಿ ಹೇಳುತ್ತೇನೆ. ಎಂಟು ಅಡಿಯಿಂದ ವೃತ್ತಿಪರರೇ ಸುಮಾರು ಅರ್ಧದಷ್ಟು ಸಲ ಮಾತ್ರ ಒಂದೇ ಪಟ್‌ಗೆ ಹಾಕುತ್ತಾರೆ. ಅಂದರೆ ಅಲ್ಲಿಂದ ಸರಾಸರಿ ಒಂದೂವರೆ ಹೊಡೆತ. ನೀವು ಒಂದರಲ್ಲಿ ಹಾಕಿದರೆ ಅರ್ಧ ಲಾಭ, ಎರಡು ತೆಗೆದುಕೊಂಡರೆ ಅರ್ಧ ನಷ್ಟ. ಹೀಗೆ ಎಲ್ಲಾ ಹೊಡೆತಕ್ಕೂ ಲೆಕ್ಕ ಹಾಕಿ ನೋಡಿದಾಗ, ಒಳ್ಳೆ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೂರು ಗಜಕ್ಕಿಂತ ದೂರದ ಹೊಡೆತಗಳದ್ದೇ ಅಂತ ಗೊತ್ತಾಯಿತು.

ನನ್ನ ನೋಟ್‌ಬುಕ್ಕೂ ಇದನ್ನೇ ಹೇಳುತ್ತದೆ. ನನ್ನ ಸೆವೆನ್ ಐರನ್ ಉರುಳು ಬಾಲು ಒಂದು ಸುತ್ತಿನಲ್ಲಿ ಎರಡೋ ಮೂರೋ ಹೊಡೆತ ಉಳಿಸಬಹುದು. ನೂರೈವತ್ತು ಗಜದಿಂದ ನಾನು ಕಳೆಯುವುದು ಅದಕ್ಕಿಂತ ಜಾಸ್ತಿ. ಮೂರು ಹೆಜ್ಜೆ ಅಂದರೆ ಅದೇ ಎಂಟು ಅಡಿ ಹತ್ತಿರ, ಅಲ್ಲಿ ನಿಲ್ಲಿಸಿ ಖುಷಿ ಪಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಈ ವರ್ಷ ಎರಡು ಹೆಜ್ಜೆಗೆ ತರಬೇಕು ಅಂತ ಇದ್ದೇನೆ. ದೂರದ ಐರನ್‌ಗೆ ಬೇರೆಯಾಗಿ ಕೂತು ಕಲಿಯುತ್ತೇನೆ. ಆದರೆ ಬರೀ ದೌರ್ಬಲ್ಯದ ಹಿಂದೆ ಓಡಿ ಕೈಯಲ್ಲಿದ್ದದ್ದನ್ನು ಮರೆತ ಎಷ್ಟೋ ಜನರನ್ನು ನೋಡಿದ್ದೇನೆ. ಬೆಂಗಳೂರಿಗೆ ಹೋಗಿ ಹೊಸ ವೆಜ್ ಕೊಂಡು, ಎತ್ತರದ ಹೊಡೆತ ಕಲಿತು, ಒಂದು ವರ್ಷ ನಾನೂ ಹಾಗೇ ಮಾಡಿದೆ. ಆ ವರ್ಷ ಗ್ರೀನ್ ಪಕ್ಕದಲ್ಲಿ ನಿಂತರೆ ಕೈ ನಡುಗುತ್ತಿತ್ತು. ಮತ್ತೆ ಸೆವೆನ್ ಹಿಡಿದ ಮೇಲೆ ನಡುಕ ಹೋಯಿತು.

ಈಗ ಈ ಕೊನೆಯ ದೃಶ್ಯ. ಭಾನುವಾರ ಸಂಜೆ, ನಮ್ಮೂರ ಕೆರೆ ಏರಿ. ನೋಡಿ, ನೀರು. 2018ರಲ್ಲಿ ಕೆಸಿ ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಒಂದೊಂದೇ ಕೆರೆ ತುಂಬುತ್ತಾ ನಮ್ಮದಕ್ಕೂ ಬಂತು. ಇದು ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸಿದ್ದು. ಇನ್ನೊಂದು ಹಂತ ಶುದ್ಧ ಮಾಡಬೇಕು ಅಂತ ನಮ್ಮ ಜನ ಕೇಳುತ್ತಿದ್ದಾರೆ, ಆ ಮಾತು ನ್ಯಾಯವೇ. ಆದರೆ ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡ ದಿನ ನಮ್ಮ ಬೀದಿಯಲ್ಲಿ ಜನ ಮೋಟರ್ ಸದ್ದು ಕೇಳಿಸಿಕೊಳ್ಳುತ್ತಾ ಸುಮ್ನೆ ನಿಂತಿದ್ದರು. ನಾನು ಆಟ ಕಲಿತ ಜಾಗ, ಆ ಜಾಲಿ ಕಡ್ಡಿ ನೆಟ್ಟ ಜಾಗ, ಅಲ್ಲಿ, ಆ ಕೊಕ್ಕರೆ ಕೂತಿದೆಯಲ್ಲ, ಅದರ ಕೆಳಗೆಲ್ಲೋ ಇದೆ.

ಈಗ ಅಭ್ಯಾಸ ರಾಗಿ ಕಣದಲ್ಲಿ. ಕಣದ ನೆಲ ಗಟ್ಟಿ, ಸಗಣಿ ಸಾರಿಸಿ ನುಣ್ಣಗಿದೆ, ಬಾಲು ಚೆನ್ನಾಗಿ ಉರುಳುತ್ತದೆ. ಆ ಕಡೆ ಒಂದು ಟೊಮೆಟೊ ಕ್ರೇಟು ಅಡ್ಡ ಮಲಗಿಸಿದ್ದೇವೆ. ಚಿಕ್ಕಪ್ಪನಿಗೆ ಈಗ ಮಂಡಿ ನೋವು, ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಎಣಿಸುವ ಕೆಲಸ ಮಾತ್ರ ಅವರದೇ.

ಟಕ್.

ಹತ್ತು ಬಾಲು ಹೊಡೆದೆ. ಆರು ಕ್ರೇಟಿನೊಳಗೆ ಹೋದವು.

"ಇನ್ನೊಂದು ಸಲ, ಎಲ್ಲಾ ಬಾಲೂ ಆಯ್ಕೊಂಡು ಬಾ" ಅಂದರು ಚಿಕ್ಕಪ್ಪ.