ಬೆಟ್ಟ ಹತ್ತದವರಿಗೂ ಆಲ್ಪ್ಸ್ ಇದೆ

ನಮಸ್ಕಾರ ಕೇಳುಗರೇ. ಆಲ್ಪ್ಸ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಹಿಮ, ಹಗ್ಗ, ದಪ್ಪ ಬೂಟು, ಬೆನ್ನಿಗೊಂದು ಭಾರದ ಚೀಲ. ಮಗ-ಸೊಸೆ ಮನೆಗೆ ಅಂತ ಮ್ಯೂನಿಕ್‌ಗೆ ಹೋದ ನಮ್ಮ ಅಪ್ಪ ಅಮ್ಮಂದಿರು, ಅದರಲ್ಲೂ ಮಂಡಿನೋವು ಇರುವವರು, "ನೀವು ಹೋಗಿ ಬನ್ನಿ, ನಾವು ಮನೆಯಲ್ಲೇ ಇರ್ತೀವಿ" ಅಂದುಬಿಡುತ್ತಾರೆ. ಇವತ್ತಿನ ಮಾತು ಅವರಿಗೇ. ಬೆಟ್ಟದ ತುದಿ ಮುಟ್ಟದೆ, ಊರೊಳಗೇ ಹಾಯಾಗಿ ಅಡ್ಡಾಡುವ ದಾರಿಗಳು ಆಲ್ಪ್ಸ್ ಕಣಿವೆಗಳಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ಸುಮ್ನೆ ಆದ ದಾರಿಗಳಲ್ಲ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ರೋಗಿಗಳಿಗೆ ಅಂತಲೇ, ಏರು ಎಷ್ಟಿರಬೇಕು ಅಂತ ಲೆಕ್ಕ ಹಾಕಿ ಮಾಡಿದ ದಾರಿಗಳು.

ನಾನು ಹೇಳಹೊರಟಿರುವುದು ಮೆರಾನೊ ಅನ್ನುವ ಊರಿನ ಬಗ್ಗೆ. ಇಟಲಿಯ ಉತ್ತರದ ತುದಿಯಲ್ಲಿ ಸೌತ್ ಟಿರೋಲ್ ಅಂತ ಒಂದು ಪ್ರಾಂತ್ಯ ಇದೆ, ಅಲ್ಲಿ. ಮೊದಲ ಮಹಾಯುದ್ಧದವರೆಗೆ ಇದೆಲ್ಲ ಆಸ್ಟ್ರಿಯಾದ್ದು. ಹಾಗಾಗಿ ಇವತ್ತಿಗೂ ಇಲ್ಲಿ ಜರ್ಮನ್ ಮಾತಾಡುವವರೇ ಜಾಸ್ತಿ, ಬೋರ್ಡುಗಳಲ್ಲಿ ಎರಡೂ ಭಾಷೆ. ಮೆರಾನ್ ಅಂದರೂ ಮೆರಾನೊ ಅಂದರೂ ಒಂದೇ ಊರು, ಬೋಟ್ಸೆನ್ ಅಂದರೂ ಬೊಲ್ಜಾನೊ ಅಂದರೂ ಒಂದೇ. ಇದನ್ನು ಮರೆತರೆ ಇಳಿಯುವ ಸ್ಟೇಷನ್ ಬಂದರೂ ರೈಲಿನಲ್ಲೇ ಕೂತಿರುತ್ತೀರಿ. ಮ್ಯೂನಿಕ್‌ನಿಂದ ಬ್ರೆನ್ನರ್ ಘಟ್ಟ ದಾಟಿ ಬೊಲ್ಜಾನೊಗೆ ನೇರ ರೈಲಿದೆ, ಸುಮಾರು ನಾಲ್ಕು ಗಂಟೆ. ಅಲ್ಲಿಂದ ಮೆರಾನೊಗೆ ಲೋಕಲ್ ರೈಲು, ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ.

ಮೆರಾನೊ ಇರುವುದು ಸಮುದ್ರಮಟ್ಟದಿಂದ 325 ಮೀಟರ್ ಎತ್ತರದಲ್ಲಿ, ಅಷ್ಟೇ. ಆದರೆ ತಲೆ ಎತ್ತಿದರೆ 3,000 ಮೀಟರ್ ದಾಟಿದ ಬೆಟ್ಟಗಳು. ಉತ್ತರದ ಕೊರೆಯುವ ಗಾಳಿಯನ್ನು ಆ ಬೆಟ್ಟಗಳು ತಡೆಯುತ್ತವೆ, ದಕ್ಷಿಣದ ಕಡೆಯಿಂದ ಬಿಸಿಲು ಧಾರಾಳವಾಗಿ ಬೀಳುತ್ತದೆ. ಹಾಗಾಗಿ ಮೇಲೆ ಹಿಮ, ಕೆಳಗೆ ಊರಲ್ಲಿ ತಾಳೆ ಜಾತಿಯ ಮರಗಳು. ಈ ಹವೆಯನ್ನು 19ನೇ ಶತಮಾನದ ಡಾಕ್ಟರುಗಳು ಗಮನಿಸಿದರು. ಕ್ಷಯಕ್ಕೆ ಮದ್ದಿಲ್ಲದ ಕಾಲ ಅದು. ಒಳ್ಳೆ ಗಾಳಿ, ಬಿಸಿಲು, ಊಟ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. 1870ರಲ್ಲಿ ಆಸ್ಟ್ರಿಯಾದ ಮಹಾರಾಣಿ ಎಲಿಜಬೆತ್ ನಾಜೂಕು ಆರೋಗ್ಯದ ಪುಟ್ಟ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದಳು. ಆಮೇಲೆ ಕೇಳಬೇಕೇ, ಯುರೋಪಿನ ಶ್ರೀಮಂತರೆಲ್ಲ ಕೆಮ್ಮುತ್ತಾ ಇತ್ತ ಕಡೆ ಹೊರಟರು. ಶರತ್ಕಾಲದಲ್ಲಿ ಬಂದವರಿಗೆ ದ್ರಾಕ್ಷಿ ತಿನ್ನುವುದೇ ಒಂದು ಚಿಕಿತ್ಸೆ. ಅದು ಎಷ್ಟು ಕೆಲಸ ಮಾಡಿತೋ ನನಗಂತೂ ಅನುಮಾನ, ಆದರೆ ಅಷ್ಟು ಸಿಹಿಯಾದ ಮದ್ದನ್ನು ಬೇಡ ಅಂದವರು ಇರಲಿಕ್ಕಿಲ್ಲ.

ನಡಿಗೆಯೂ ಹೀಗೇ ಚೀಟಿಯಲ್ಲಿ ಬರೆದುಕೊಡುವ ಮದ್ದಾಯಿತು. ಮ್ಯೂನಿಕ್‌ನ ಓರ್ಟೆಲ್ ಅನ್ನುವ ಡಾಕ್ಟರು 1880ರ ದಶಕದಲ್ಲಿ, ಹೃದಯದ ತೊಂದರೆ ಇರುವವರನ್ನು ಹಾಸಿಗೆಯಲ್ಲೇ ಮಲಗಿಸಬೇಡಿ, ಮೊದಲು ಸಮತಟ್ಟಾದ ದಾರಿಯಲ್ಲಿ, ಆಮೇಲೆ ಸಣ್ಣ ಏರಿನಲ್ಲಿ, ಹೀಗೆ ಹಂತ ಹಂತವಾಗಿ ನಡೆಸಿ ಅಂತ ಹೇಳಿದರು. ಸರಿ, ನಡೆಯಲಿಕ್ಕೆ ದಾರಿ ಬೇಕಲ್ವಾ? ಮೆರಾನೊ ಮಾಡಿಕೊಟ್ಟಿತು.

ಈಗ ನಡೆಯೋಣ. ಸ್ಟೇಷನ್‌ನಿಂದ ಹಳೇ ಪೇಟೆ ಹತ್ತು ಹದಿನೈದು ನಿಮಿಷ. ಪೇಟೆಯ ನಡುವೆ ಲೌಬೆನ್ ಅನ್ನುವ ಬೀದಿ, ಸುಮಾರು 400 ಮೀಟರ್ ಉದ್ದ, ಎರಡೂ ಕಡೆ ಕಮಾನು. ಮನೆಗಳ ಮಾಳಿಗೆಯೇ ಮುಂದೆ ಚಾಚಿಕೊಂಡು ಕಮಾನುಗಳ ಮೇಲೆ ನಿಂತಿದೆ, ಕೆಳಗೆ ಅಂಗಡಿ ಸಾಲು, ಮಳೆಯಲ್ಲೂ ಕೊಡೆ ಬಿಚ್ಚದೆ ಈ ತುದಿಯಿಂದ ಆ ತುದಿಗೆ ಹೋಗಬಹುದು. 13ನೇ ಶತಮಾನದಲ್ಲಿ ಹಾಕಿದ ಬೀದಿ ಇದು. ಬೆಟ್ಟದ ಬದಿಯದು ಬೆಟ್ಟದ ಕಮಾನು, ಹೊಳೆಯ ಬದಿಯದು ನೀರಿನ ಕಮಾನು ಅಂತ ಊರಿನವರ ಲೆಕ್ಕ. ಹೊಸಬರಿಗೂ ಅನುಕೂಲ, ದಿಕ್ಕು ತಪ್ಪುವುದಿಲ್ಲ. ಒಂದು ಕಾಲಕ್ಕೆ ಮೆರಾನೊ ಇಡೀ ಟಿರೋಲ್‌ನ ರಾಜಧಾನಿ. 1420ರಲ್ಲಿ ರಾಜಧಾನಿ ಇನ್ಸ್‌ಬ್ರುಕ್‌ಗೆ ಹೋಯಿತು, ಊರು ತಣ್ಣಗಾಯಿತು. ಹಳೇ ಬೀದಿ ಹಾಗೇ ಉಳಿದಿದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಬೀದಿಯ ಪೂರ್ವದ ತುದಿಯಲ್ಲಿ ಸಂತ ನಿಕೋಲಸ್ ಚರ್ಚು. ಅದನ್ನು ದಾಟಿ ಕೆಳಗಿಳಿದರೆ ಪಾಸರ್ ಹೊಳೆ. ಇಲ್ಲಿದೆ ನೋಡಿ ಊರಿನ ಜಾಣತನ. ಹೊಳೆಯ ಒಂದು ದಂಡೆಯಲ್ಲಿ ಚಳಿಗಾಲದ ದಾರಿ, ಇನ್ನೊಂದು ದಂಡೆಯಲ್ಲಿ ಬೇಸಿಗೆ ದಾರಿ. ಚಳಿಗಾಲದ್ದು ಬಿಸಿಲಿಗೆ ಮುಖ ಮಾಡಿದೆ. ಜೊತೆಗೆ ಕಬ್ಬಿಣದ ಕಂಬಗಳ ಮೇಲೆ ಸೂರು ಹೊದಿಸಿದ ಉದ್ದನೆಯ ಪಡಸಾಲೆ, ಗೋಡೆಯ ಮೇಲೆ ಸುತ್ತಲಿನ ಊರು ಕಣಿವೆಗಳ ಚಿತ್ರ. ಬೇಸಿಗೆಯದು ಹಳೇ ಮರಗಳ ನೆರಳಲ್ಲಿ ಹೋಗುತ್ತದೆ, ಎಲಿಜಬೆತ್‌ಳ ಬಿಳಿ ಕಲ್ಲಿನ ವಿಗ್ರಹವೂ ಅಲ್ಲೇ. ಎರಡೂ ಸಮತಟ್ಟು. ಹೆಜ್ಜೆ ಹೆಜ್ಜೆಗೂ ಬೆಂಚು. ಯಾವ ದಂಡೆ ಹಿಡಿಯಬೇಕು ಅನ್ನುವುದನ್ನು ಆವತ್ತಿನ ಬಿಸಿಲು ನೋಡಿ ನೀವೇ ತೀರ್ಮಾನ ಮಾಡಿ.

ಹೊಳೆ ಹರಿದು ಬರುವ ದಿಕ್ಕಿಗೆ ನಡೆಯುತ್ತಾ ಹೋದರೆ ಹಳೆಯ ಕಲ್ಲಿನ ಸೇತುವೆ ಸಿಗುತ್ತದೆ. ಅದರಾಚೆ ಕಣಿವೆ ಕಿರಿದಾಗಿ ಹೊಳೆ ಬಂಡೆಗಳ ನಡುವೆ ಬೋರ್ಗರೆಯುತ್ತದೆ. ಇದು ಗಿಲ್ಫ್. ಇಲ್ಲಿಂದ ಮೇಲಿನ ದಾರಿಗೆ ಒಂದು ತುಂಡು ಏರು ಇದೆ, ಸುತ್ತಿ ಸುತ್ತಿ ಹೋಗುತ್ತದೆ, ಆತುರ ಬೇಡ. ಹತ್ತಿದ ಮೇಲೆ ಸಿಗುವುದೇ ಟಪ್ಪೈನರ್ ದಾರಿ.

ಫ್ರಾಂಟ್ಸ್ ಟಪ್ಪೈನರ್ ಮೆರಾನೊದ ಡಾಕ್ಟರು, ಗಿಡಮರಗಳ ಹುಚ್ಚಿದ್ದವರು. 1890ರ ದಶಕದಲ್ಲಿ ಊರಿನ ತಲೆಯ ಮೇಲೆ, ಬೆಟ್ಟದ ಮೈಯನ್ನು ಅಡ್ಡಲಾಗಿ ಕೊರೆದು ಈ ದಾರಿ ಮಾಡಿಸಿ ಊರಿಗೆ ಕೊಟ್ಟರು. ಸುಮಾರು ನಾಲ್ಕು ಕಿಲೋಮೀಟರ್, ಹೆಚ್ಚು ಕಡಿಮೆ ಸಮತಟ್ಟು, ಜೋಡಿಯಾಗಿ ಮಾತಾಡುತ್ತಾ ಹೋಗುವಷ್ಟು ಅಗಲ. ಒಂದು ಕಡೆ ಕೆಳಗೆ ಊರಿನ ಹೆಂಚುಗಳು, ಇನ್ನೊಂದು ಕಡೆ ಆಲಿವ್, ಬಿದಿರು, ಕಳ್ಳಿ, ನೀಲಗಿರಿ. ಹೌದು, ನೀಲಗಿರಿ ಮರ, ಆಲ್ಪ್ಸ್‌ನಲ್ಲಿ. ಶುರುವಿನಲ್ಲೇ ಪುಡಿಗೋಪುರ ಅಂತ ಒಂದು ಹಳೇ ಗೋಪುರ ಇದೆ, ಒಂದು ಕಾಲಕ್ಕೆ ಅಲ್ಲಿ ಸಿಡಿಮದ್ದು ಇಡುತ್ತಿದ್ದರಂತೆ. ಅದನ್ನು ಹತ್ತಿದರೆ ಇಡೀ ಕಣಿವೆ ಕಾಣುತ್ತದೆ, ಹತ್ತದಿದ್ದರೂ ಬೆಂಚಿನಿಂದ ಮುಕ್ಕಾಲು ಪಾಲು ಕಾಣುತ್ತದೆ. ಸಾಕಾಯಿತು ಅನ್ನಿಸಿದ ಕಡೆ ಊರಿಗೆ ಇಳಿಯಲು ಅಲ್ಲಲ್ಲಿ ಕವಲುದಾರಿಗಳಿವೆ. ನನ್ನ ಮಟ್ಟಿಗೆ ಈ ದಾರಿಯ ದೊಡ್ಡ ಗುಣ ಅದೇ, ಪೂರ್ತಿ ಮಾಡಲೇಬೇಕು ಅನ್ನುವ ಹಟ ಬೇಡ.

ಕಾಲು ಇನ್ನೂ ಗಟ್ಟಿ ಇದ್ದರೆ ಪಶ್ಚಿಮದ ತುದಿ ಗ್ರಾಚ್‌ನಿಂದ ಅಲ್ಗುಂಡ್ ಕಾಲುವೆ ದಾರಿ ಹಿಡಿಯಬಹುದು, ಆರು ಕಿಲೋಮೀಟರ್ ಆಸುಪಾಸು. ಈ ಕಣಿವೆಯಲ್ಲಿ ಮಳೆ ಕಡಿಮೆ. ಹಾಗಾಗಿ ಸೇಬು, ದ್ರಾಕ್ಷಿ ತೋಟಗಳಿಗೆ ಬೆಟ್ಟದ ಮಗ್ಗುಲಲ್ಲೇ ಸಣ್ಣ ಕಾಲುವೆ ತೋಡಿ ನೀರು ತಂದರು. ಕಾಲುವೆ ನೋಡಿಕೊಳ್ಳುವವನು ಓಡಾಡಲು ಪಕ್ಕದಲ್ಲಿ ಒಂದು ಕಾಲುದಾರಿ. ನಾವು ನಡೆಯುವುದು ಅದರ ಮೇಲೆ. ನೀರು ಮೆಲ್ಲಗೆ ಹರಿಯಬೇಕಾದ್ದರಿಂದ ದಾರಿಯಲ್ಲೂ ಇಳಿಜಾರು ಕಡಿಮೆ. ಈ ಭಾಗದ ಕಾಲುವೆಗಳಲ್ಲಿ ಅಲ್ಲಲ್ಲಿ ಒಂದು ಪುಟ್ಟ ನೀರಿನ ಚಕ್ರ ಕಾಣುತ್ತದೆ, ಅದು ತಿರುಗಿದಾಗೆಲ್ಲ ಸುತ್ತಿಗೆಯೊಂದು ಗಂಟೆಗೆ ಬಡಿಯುತ್ತದೆ. ಟಣ್, ಟಣ್. ಸದ್ದು ಕೇಳುತ್ತಿದ್ದರೆ ನೀರು ಸರಿಯಾಗಿ ಹರಿಯುತ್ತಿದೆ ಅಂತ. ನಿಂತರೆ ಎಲ್ಲೋ ಕಸ ಕಟ್ಟಿಕೊಂಡಿದೆ ಅಂತ ಕಾಲುವೆಯವನು ಓಡಬೇಕು. ದಾರಿ ಕೆಲವು ಕಡೆ ಕಿರಿದು, ಮಗುವಿನ ತಳ್ಳುಗಾಡಿ ಇದ್ದವರು ಟಪ್ಪೈನರ್ ದಾರಿಯಲ್ಲೇ ಉಳಿಯುವುದು ವಾಸಿ.

ಹೊಟ್ಟೆ ವಿಚಾರ. ಸಸ್ಯಾಹಾರಿಗಳು ಶ್ಲುಟ್ಸ್‌ಕ್ರಾಪ್ಫೆನ್ ಕೇಳಿ. ಪಾಲಕ್ ಮತ್ತು ಮೆತ್ತನೆ ಚೀಸ್ ತುಂಬಿ ಬೇಯಿಸಿ ಬೆಣ್ಣೆ ಸುರಿದದ್ದು, ಆಕಾರ ಥೇಟ್ ನಮ್ಮ ಕರ್ಜಿಕಾಯಿ. ಕ್ನೋಡೆಲ್ ಅನ್ನುವ ಬ್ರೆಡ್ ಉಂಡೆಗಳೂ ಸಿಗುತ್ತವೆ, ಆದರೆ ಅದರಲ್ಲಿ ಹಂದಿಮಾಂಸದ ಚೂರು ಹಾಕುವುದು ವಾಡಿಕೆ, ಪಾಲಕ್‌ದೋ ಚೀಸ್‌ದೋ ಅಂತ ಬಿಡಿಸಿ ಕೇಳಿ. ಮಧ್ಯಾಹ್ನ ಸುಮಾರು ಅಂಗಡಿಗಳು ಬಾಗಿಲು ಹಾಕುತ್ತವೆ, ಕೊಳ್ಳುವುದೇನಿದ್ದರೂ ಬೆಳಿಗ್ಗೆಯೇ ಮುಗಿಸಿ.

ವಾಪಸ್ ಬರುವಾಗ ಬೊಲ್ಜಾನೊದಲ್ಲಿ ಅರ್ಧ ದಿನ ಇದ್ದರೆ ಅಲ್ಲೂ ಇಂಥದ್ದೇ ಕಮಾನು ಬೀದಿ, ತುದಿಯಲ್ಲಿ ಹಣ್ಣಿನ ಮಾರುಕಟ್ಟೆ, ಅದರಾಚೆ ತಾಲ್ಫರ್ ಹೊಳೆಯ ದಂಡೆಯಲ್ಲಿ ಹುಲ್ಲುಹಾಸಿನ ದಾರಿ. ಹೊಳೆಗೆ ಹೋಗುವ ದಾರಿಯಲ್ಲೇ ಮ್ಯೂಸಿಯಂ ಇದೆ. 1991ರಲ್ಲಿ ಹಿಮನದಿಯಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಮನುಷ್ಯ ಓಟ್ಜಿಯ ದೇಹವನ್ನು ಅಲ್ಲಿ ಮೈನಸ್ 6 ಡಿಗ್ರಿಯಲ್ಲಿ ಇಟ್ಟಿದ್ದಾರೆ, ಒಂದು ಪುಟ್ಟ ಕಿಟಕಿಯಿಂದ ನೋಡಬೇಕು. ಬೇಸಿಗೆಯಲ್ಲಿ ಕ್ಯೂ ಉದ್ದ ಇರುತ್ತದೆ, ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತಗೊಂಡಿರಿ. ಸಾಮಾನು ಎಳೆದುಕೊಂಡು ಮಾತ್ರ ಹೋಗಬೇಡಿ, ಹಳೇ ಬೀದಿಯ ಕಲ್ಲುಹಾಸಿನ ಮೇಲೆ ಸೂಟ್‌ಕೇಸಿನ ಚಕ್ರ ಸರಿಯಾಗಿ ಉರುಳುವುದಿಲ್ಲ. ನಮಸ್ಕಾರ.