ಟೋಕನ್ ಕೊಡುವ ಚಕ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಲ್ಲಿ ರೇಡಿಯೋ ಹಾಕಿಕೊಂಡಿರುವವರು ಯಾರು ಅಂತ ನನಗೊಂದು ಅಂದಾಜಿದೆ. ಒಗ್ಗರಣೆಗೆ ಸಾಸಿವೆ ಹಾಕುತ್ತಿರುವವರು. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಸಿಕ್ಕಿಕೊಂಡಿರುವ ಆಟೋದವರು. ಪಿಯುಸಿ ಪುಸ್ತಕ ತೆರೆದಿಟ್ಟು ಕಿವಿ ಮಾತ್ರ ಇಲ್ಲಿ ಕೊಟ್ಟಿರುವ ಮಕ್ಕಳು. ಇವತ್ತಿನ ವಿಷಯ ಸಿಟ್ರಿಕ್ ಆಮ್ಲ ಚಕ್ರ. ತಿಂದ ಆಹಾರದಿಂದ ಶಕ್ತಿ ತೆಗೆಯಲು ನಮ್ಮ ಜೀವಕೋಶದೊಳಗೆ ಸುತ್ತಿ ಸುತ್ತಿ ನಡೆಯುವ ರಾಸಾಯನಿಕ ಕ್ರಿಯೆ ಇದು. ಹೆಸರು ಕೇಳಿ ಸ್ಟೇಷನ್ ಬದಲಾಯಿಸಬೇಡಿ. ಈ ಚಕ್ರಕ್ಕೆ 8 ಹೆಜ್ಜೆ. ನಾನು ಇದನ್ನು 30 ವರ್ಷ ಪಾಠ ಮಾಡಿದವನು. 8 ಹೆಸರನ್ನೂ ಉರು ಹೊಡೆದು, ಪರೀಕ್ಷೆಯಲ್ಲಿ ಬರೆದು, ಮನೆ ಸೇರುವಷ್ಟರಲ್ಲಿ ಮರೆತವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಆ ಗೋಜಿಗೇ ಹೋಗುವುದಿಲ್ಲ. ಒಂದೇ ಮಾತು ಹೇಳುತ್ತೇನೆ. ಈ ಚಕ್ರ ದೋಸೆ ಕೊಡುವುದಿಲ್ಲ, ಟೋಕನ್ ಕೊಡುತ್ತದೆ.

ಮೊದಲು ಒಂದು ಗೊಂದಲ ಮುಗಿಸಿಬಿಡೋಣ. ಎಲ್ಲಿ ಮಾತಾಡಿದರೂ ಕೊನೆಗೆ ಒಬ್ಬರು ಎದ್ದು ಕೇಳುತ್ತಾರೆ, "ಸಾರ್, ಹಾಗಾದ್ರೆ ಬೆಳಿಗ್ಗೆ ನಿಂಬೆಹಣ್ಣಿನ ಶರಬತ್ತು ಕುಡಿದರೆ ಚಕ್ರ ಜೋರಾಗಿ ತಿರುಗುತ್ತಾ?" ಇಲ್ಲ. ಚಕ್ರಕ್ಕೆ ಬೇಕಾದ ಸಿಟ್ರಿಕ್ ಆಮ್ಲವನ್ನು ಜೀವಕೋಶ ತಾನೇ ಮಾಡಿಕೊಳ್ಳುತ್ತದೆ. ಶರಬತ್ತು ರುಚಿಗೆ ಕುಡಿಯಿರಿ.

ಈಗ ನೀವು ತಿಂದ ಅನ್ನದ ಕಥೆ. ಅನ್ನ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸಿನಲ್ಲಿ 6 ಇಂಗಾಲ. ಅದು 3 ಇಂಗಾಲದ ಎರಡು ತುಂಡಾಗುತ್ತದೆ. ಮೈಟೋಕಾಂಡ್ರಿಯಾ ಅನ್ನುವ ಪುಟ್ಟ ಕೋಣೆಯೊಳಗೆ ಹೋದ ಮೇಲೆ ಒಂದೊಂದು ತುಂಡೂ ಒಂದೊಂದು ಇಂಗಾಲ ಕಳೆದುಕೊಳ್ಳುತ್ತದೆ. ಉಳಿದದ್ದು 2 ಇಂಗಾಲದ ತುಂಡು. ತುಪ್ಪ ತಿಂದರೂ ಕೊನೆಗೆ ಇದೇ 2 ಇಂಗಾಲದ ತುಂಡು. ಅಲ್ಲಿ 4 ಇಂಗಾಲದವನೊಬ್ಬ ಕಾಯುತ್ತಿರುತ್ತಾನೆ. ಇಬ್ಬರೂ ಸೇರಿದರೆ 6 ಇಂಗಾಲದ ಸಿಟ್ರಿಕ್ ಆಮ್ಲ. ಸುತ್ತು ಹಾಕುವಾಗ 2 ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಕಳಚಿಕೊಳ್ಳುತ್ತವೆ. ಮತ್ತೆ 4 ಇಂಗಾಲದವನೇ ಉಳಿದು, ಮುಂದಿನ ಗಿರಾಕಿಗೆ ಕಾಯುತ್ತಾನೆ. ಕಳಚಿದ ಇಂಗಾಲವನ್ನು ನೀವು ಉಸಿರಲ್ಲಿ ಬಿಡುತ್ತೀರಿ. ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುವವರು ಬೊಜ್ಜೆಲ್ಲ ಬೆವರಾಗಿ ಹೋಯಿತು ಅಂದುಕೊಳ್ಳುತ್ತಾರೆ. ಕರಗಿದ ಬೊಜ್ಜು ಹೆಚ್ಚುಪಾಲು ಹೋಗುವುದು ಮೂಗಿನಿಂದ!

ಸರಿ, ಶಕ್ತಿ ಎಲ್ಲಿ? ಇಲ್ಲೇ ಎಲ್ಲರೂ ಎಡವುವುದು. ಅದಕ್ಕೆ ನಾನು ಒಂದು ಭಾನುವಾರದ ಬೆಳಿಗ್ಗೆಗೆ ಹೋಗಬೇಕು.

ಜಯನಗರದಲ್ಲಿ ಒಂದು ದರ್ಶಿನಿ. ಆಗಿನ್ನೂ ಅಲ್ಲಿ ಕಾಗದದ ಬಿಲ್ ಇರಲಿಲ್ಲ, ಪ್ಲಾಸ್ಟಿಕ್ ಬಿಲ್ಲೆ, ಅದೇ ಟೋಕನ್. ಕೆಂಪು ಬಿಲ್ಲೆ ದೋಸೆಗೆ, ಹಳದಿ ಕಾಫಿಗೆ. ಕ್ಯಾಶಿಯರ್‌ಗೆ ದುಡ್ಡು ಕೊಟ್ಟರೆ ಬಿಲ್ಲೆ, ಒಳಗಿನ ಕೌಂಟರಿಗೆ ಬಿಲ್ಲೆ ಕೊಟ್ಟರೆ ದೋಸೆ. ಅಡುಗೆಯವನು ಬಿಲ್ಲೆಯನ್ನು ಟಿನ್ ಡಬ್ಬಕ್ಕೆ ಟಣ್ ಅಂತ ಹಾಕುತ್ತಿದ್ದ. ಡಬ್ಬ ತುಂಬಿದಾಗ ಒಬ್ಬ ಹುಡುಗ ಅದನ್ನು ತಂದು ಕ್ಯಾಶಿಯರ್ ಮುಂದೆ ಸುರಿಯುತ್ತಿದ್ದ. ಅವತ್ತು ಗ್ಯಾಸ್ ಖಾಲಿಯಾಯಿತು. ಕಾವಲಿ ತಣ್ಣಗಾಯಿತು. ಕೆಂಪು ಬಿಲ್ಲೆ ಹಿಡಿದವರೆಲ್ಲ ಕೌಂಟರ್ ಮುಂದೆ ನಿಂತರು. ಡಬ್ಬದಲ್ಲಿ ಟಣ್ ಸದ್ದಿಲ್ಲ. ಕ್ಯಾಶಿಯರ್ ಮಾತ್ರ ದುಡ್ಡು ತಗೊಂಡು ಬಿಲ್ಲೆ ಕೊಡುತ್ತಲೇ ಇದ್ದ. ಸರಿಯಾಗಿ ನನ್ನ ಸರದಿ ಬಂದಾಗ ಅವನ ಮುಂದಿದ್ದ ಕೆಂಪು ಬಿಲ್ಲೆ ಮುಗಿದುಹೋಯಿತು! ನನ್ನ ಹಿಂದಿದ್ದ ಹಿರಿಯರಿಗೆ ಸಿಟ್ಟು ಬಂತು. "ಏನ್ರೀ, ದುಡ್ಡು ಇಸ್ಕೊಳ್ಳೋದಕ್ಕೂ ಆಗಲ್ವಾ ನಿಮಗೆ?" ಅವನು ಪಾಪ, ಎರಡೂ ಕೈ ಎತ್ತಿ ತೋರಿಸಿದ. ಜನರ ಹತ್ತಿರ ದುಡ್ಡಿದೆ, ಒಳಗೆ ಹಿಟ್ಟಿದೆ, ಕ್ಯಾಶಿಯರ್ ಕುಳಿತಿದ್ದಾನೆ. ಎಲ್ಲ ನಿಂತುಹೋಗಿದೆ. ನಾನು ಹಸಿದ ಹೊಟ್ಟೆಯಲ್ಲಿ ನಗುತ್ತಾ ನಿಂತಿದ್ದೆ. ಪಕ್ಕದವರು ವಿಚಿತ್ರವಾಗಿ ನೋಡಿದರು. ಸೋಮವಾರ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಚಕ್ರ ಬರೆಯಲಿಲ್ಲ, ದರ್ಶಿನಿ ಬರೆದೆ.

ಚಕ್ರವೇ ಆ ಕ್ಯಾಶಿಯರ್. ಒಂದು ಸುತ್ತಿಗೆ ಅವನು 4 ಬಿಲ್ಲೆ ಕೊಡುತ್ತಾನೆ. ಎನ್‌ಎಡಿಎಚ್ ಅನ್ನುವುದು 3, ಎಫ್‌ಎಡಿಎಚ್2 ಅನ್ನುವುದು 1. ಆಹಾರದಿಂದ ಕಿತ್ತ ಎಲೆಕ್ಟ್ರಾನುಗಳು ಈ ಬಿಲ್ಲೆಗಳಲ್ಲಿ ಕೂತಿರುತ್ತವೆ. ಜೀವಕೋಶ ಖರ್ಚು ಮಾಡುವ ಶಕ್ತಿ ಎಟಿಪಿ. ಅದೇ ದೋಸೆ. ಅದು ಸಿಗುವುದು ಒಳಗಿನ ಕೌಂಟರಿನಲ್ಲಿ, ಅಂದರೆ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ. ಒಂದು ಸುತ್ತಿನ ಲೆಕ್ಕಕ್ಕೆ ಸುಮಾರು 10 ಎಟಿಪಿ. ಅದರಲ್ಲಿ 9 ಬಿಲ್ಲೆ ಕೊಟ್ಟು ಪಡೆದದ್ದು. ಒಂದೇ ಒಂದು ನೇರ ಕೈಗೆ. ಕ್ಯಾಶಿಯರ್ ಪಕ್ಕದ ಬಾಟಲಿಯಲ್ಲಿ ಕಡಲೆ ಮಿಠಾಯಿ ಇರುತ್ತದಲ್ಲ, ಹಾಗೆ.

ಆಮ್ಲಜನಕವೇ ಗ್ಯಾಸ್ ಸಿಲಿಂಡರ್. ಚಕ್ರದ 8 ಹೆಜ್ಜೆಯಲ್ಲಿ ಎಲ್ಲೂ ಅದನ್ನು ಮುಟ್ಟುವುದಿಲ್ಲ. ಆದರೂ ಅದಿಲ್ಲದೆ ಚಕ್ರ ತಿರುಗುವುದಿಲ್ಲ. ಯಾಕೆ? ಒಳಗಿನ ಕೌಂಟರಿನಲ್ಲಿ ಬಿಲ್ಲೆಯ ಎಲೆಕ್ಟ್ರಾನುಗಳನ್ನು ಕೊನೆಗೆ ಇಸ್ಕೊಳ್ಳುವುದು ಆಮ್ಲಜನಕ. ಅದಿಲ್ಲದಿದ್ದರೆ ಖಾಲಿ ಬಿಲ್ಲೆ ವಾಪಸ್ ಬರುವುದಿಲ್ಲ. ಮಕ್ಕಳೇ, ಈ ಪ್ರಶ್ನೆಗೆ "ಉಸಿರಾಟಕ್ಕೆ ಆಮ್ಲಜನಕ ಬೇಕು" ಅಂತ ಸುಮ್ನೆ ಬರೆದು ಬರಬೇಡಿ. ಬಿಲ್ಲೆ ಬರೆಯಿರಿ. ಅಂದರೆ, ಎನ್‌ಎಡಿಎಚ್ ಅಂತ ಬರೆಯಿರಿ!

ನನಗೆ ಕೊಟ್ಟ ಸಮಯ ದರ್ಶಿನಿಯಲ್ಲೇ ಹೋಯಿತು. ಇದನ್ನು ಕಂಡುಹಿಡಿದ ಹ್ಯಾನ್ಸ್ ಕ್ರೆಬ್ಸ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹಿಟ್ಲರನ ಆಡಳಿತ ಬಂದಾಗ, 1933ರಲ್ಲಿ, ಕೆಲಸ ಕಳೆದುಕೊಂಡು ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಹೋದವರು. 1937ರಲ್ಲಿ ಶೆಫೀಲ್ಡಿನಲ್ಲಿ ಪಾರಿವಾಳದ ಎದೆಯ ಸ್ನಾಯುವನ್ನು ಕೊಚ್ಚಿ ಪ್ರಯೋಗ ಮಾಡಿದರು. ಹಾರುವ ಸ್ನಾಯು ಅದು, ಆಮ್ಲಜನಕ ಜಾಸ್ತಿ ಬಳಸುತ್ತದೆ. ವರದಿಯನ್ನು 'ನೇಚರ್' ಪತ್ರಿಕೆಗೆ ಕಳಿಸಿದರೆ, ಈಗ ಜಾಗವಿಲ್ಲ ಅಂತ ವಾಪಸ್ ಬಂತು. ಅದೇ ಕೆಲಸಕ್ಕೆ 1953ರಲ್ಲಿ ನೊಬೆಲ್ ಬಂತು.

ಇನ್ನು ವಿಟಮಿನ್. ಬಿ3 ಇಲ್ಲದೆ ಎನ್‌ಎಡಿಎಚ್ ಬಿಲ್ಲೆ ಇಲ್ಲ. ಬಿ2 ಇಲ್ಲದೆ ಇನ್ನೊಂದು ಬಿಲ್ಲೆ ಇಲ್ಲ. ತೌಡಿನಲ್ಲಿರುವ ಬಿ1 ಇಲ್ಲದಿದ್ದರೆ ಅನ್ನದ ತುಂಡು ಕ್ಯಾಶಿಯರ್ ತನಕವೂ ಬರುವುದಿಲ್ಲ. ಬಿ3 ಕಡಲೆಕಾಯಿಯಲ್ಲಿ ಧಾರಾಳವಾಗಿದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿ ಪರಿಷೆಗೆ ಬನ್ನಿ, ನಾನೂ ಅಲ್ಲೇ ಒಂದು ಸೇರು ಕೊಳ್ಳುತ್ತಿರುತ್ತೇನೆ.

ನಮಸ್ಕಾರ.